ಸೊಂಟ ಮುರಿದ ಬೆಕ್ಕು ಮನೆಯಲ್ಲಿದ್ದರೆ

ಬೆಕ್ಕಿಗೆ ಫಿನಾಯಿಲ್ ವಿಷ. ಮುಂದಿನದನ್ನು ಓದದೆ ಪುಟ ಮಗುಚುವವರೂ ಇರುತ್ತಾರೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ, ಮೂಗಿಗೆ ಘಾಟು ಹೊಡೆಯುವ ಆ ದ್ರವವನ್ನು ನಾವು ಸ್ವಚ್ಛತೆಯ ಗುರುತೆಂದೇ ನಂಬಿದ್ದೇವೆ. ಬೆಕ್ಕು ಅದರ ಮೇಲೆ ನಡೆಯುತ್ತದೆ, ಆಮೇಲೆ ತನ್ನ ಕಾಲು ನೆಕ್ಕುತ್ತದೆ. ಫೀನಾಲ್ ಜಾತಿಯ ವಸ್ತುಗಳನ್ನು ನಮ್ಮ ಯಕೃತ್ತು ಒಂದು ಕಿಣ್ವದ ಸಹಾಯದಿಂದ ನಿರುಪಾಯಕಾರಿ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ನಾಯಿ ತಡೆದುಕೊಳ್ಳುವುದನ್ನು ಬೆಕ್ಕು ತಡೆದುಕೊಳ್ಳಲಾರದು.

ಆರೋಗ್ಯವಾಗಿ ಓಡಾಡುವ ಬೆಕ್ಕಾದರೆ ಫಿನಾಯಿಲ್ ಹಾಕಿದ ಕೋಣೆಯಿಂದ ದೂರ ಹೋಗಿ ಗೋಡೆಯ ಮೇಲೆ ಕೂರುತ್ತದೆ. ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುವ ಬೆಕ್ಕು ಎಲ್ಲಿಗೆ ಹೋದೀತು? ಈ ಬರಹ ಅಂಥ ಬೆಕ್ಕುಗಳನ್ನು ಎತ್ತಿಕೊಂಡು ಬಂದು ಸಾಕುತ್ತಿರುವ ಮನೆಗಳಿಗಾಗಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಗಲ್ಲಿಗಳಲ್ಲಿ ಅಂಥ ಮನೆಗಳು ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಒಬ್ಬರ ಮನೆಯಲ್ಲಿ ನೂರಿ ಇದ್ದಾಳೆ. ಮೂರು ಬಣ್ಣದ ಹೆಣ್ಣು ಬೆಕ್ಕು. ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಯಾವುದೋ ವಾಹನ ಸೊಂಟದ ಮೇಲೆ ಹಾದುಹೋಗಿತ್ತು. ಲೇತ್ ಮುಚ್ಚಿ ಮನೆಗೆ ಬರುತ್ತಿದ್ದವರು ಅದನ್ನು ಗೋಣಿಚೀಲದಲ್ಲಿ ಎತ್ತಿಕೊಂಡು ಬಂದರು. ಅವರ ತಾಯಿ ಮಂಡಿನೋವಿಗೆ ನನ್ನ ಬಳಿ ಬರುವವರು, ಹಾಗಾಗಿ ಈ ಕಥೆ ನನಗೆ ಮೊದಲಿನಿಂದ ಗೊತ್ತು.

ಪಶುವೈದ್ಯರು ಎಕ್ಸ್‌ರೇ ನೋಡಿದ ಮೇಲೆ ಇನ್ನೊಂದು ಸರಳ ಪರೀಕ್ಷೆ ಮಾಡಿದರು. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಒತ್ತಿದರು. ಕಾಲು ಚಕ್ಕನೆ ಹಿಂದೆ ಸರಿಯಿತು. ಮನೆಯವರಿಗೆ ಖುಷಿಯೋ ಖುಷಿ. ಆದರೆ ಬೆಕ್ಕು ತಿರುಗಿ ನೋಡಲಿಲ್ಲ, ಕೂಗಲಿಲ್ಲ. ಕಾಲು ಸರಿಯುವುದು ಬೆನ್ನುಹುರಿಯ ಕೆಳಭಾಗದ ಕೆಲಸ, ಅದಕ್ಕೆ ಮೆದುಳು ಬೇಕಿಲ್ಲ. ನೋವು ಮೆದುಳಿಗೆ ತಲುಪಿದರೆ ಮಾತ್ರ ಪ್ರಾಣಿ ತಿರುಗಿ ನೋಡುತ್ತದೆ, ಕಚ್ಚಲು ಬರುತ್ತದೆ. ಆ ಸಂವೇದನೆ ಇದ್ದರೆ ಮತ್ತೆ ನಡೆಯುವ ಆಸೆ ಇಟ್ಟುಕೊಳ್ಳಬಹುದು, ಇಲ್ಲದಿದ್ದರೆ ಬಹಳ ಕಡಿಮೆ. ನೂರಿಯ ಹಿಂಗಾಲು ಬರಲಿಲ್ಲ. ಮೂತ್ರದ ಹಿಡಿತವೂ ಹೋಗಿತ್ತು.

ಸೊಂಟ ಮುರಿದ ಬೆಕ್ಕಿನ ಜೀವ ತೆಗೆಯುವುದು ಹೆಚ್ಚಾಗಿ ಕಾಲಲ್ಲ, ಮೂತ್ರಚೀಲ. ಚೀಲ ತುಂಬಿದ್ದು ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾದರೂ ಬಿಡಲು ಆಗುವುದಿಲ್ಲ. ತುಂಬಿ ತುಂಬಿ ಕೊನೆಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದನ್ನು ನೋಡಿ ಮನೆಯವರು ‘ಮೂತ್ರ ಹೋಗುತ್ತಿದೆಯಲ್ಲ’ ಎಂದು ನೆಮ್ಮದಿಯಾಗಿರುತ್ತಾರೆ. ಒಳಗೆ ನಿಂತ ಮೂತ್ರದಲ್ಲಿ ಸೋಂಕು ಬೆಳೆದು ಮೂತ್ರಪಿಂಡಕ್ಕೆ ಏರುತ್ತದೆ. ಆದ್ದರಿಂದ ದಿನಕ್ಕೆ ಮೂರು ಹೊತ್ತು ಕೈಯಿಂದ ಒತ್ತಿ ಖಾಲಿ ಮಾಡಬೇಕು. ಬೆಕ್ಕನ್ನು ಪಕ್ಕಕ್ಕೆ ಮಲಗಿಸಿ, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು, ಹೊಟ್ಟೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಂತೆ ಕೈಗೆ ಸಿಗುವ ಚೀಲವನ್ನು ಬಾಲದ ದಿಕ್ಕಿಗೆ ಸಮವಾಗಿ, ನಿಧಾನವಾಗಿ ಒತ್ತುತ್ತಾರೆ. ಬರೆದರೆ ಇಷ್ಟೇ. ಆದರೆ ಇದನ್ನು ಓದಿ ಕಲಿಯಬೇಡಿ. ಪಶುವೈದ್ಯರ ಮುಂದೆ ನಿಮ್ಮ ಕೈಯಿಂದಲೇ ಎರಡು ಮೂರು ಬಾರಿ ಮಾಡಿ, ಅವರು ಸರಿ ಎಂದ ಮೇಲೆ ಮನೆಯಲ್ಲಿ ಮಾಡಿ. ದಾರಿ ಕಟ್ಟಿರುವಾಗ ಬಲವಾಗಿ ಒತ್ತಿದರೆ ಚೀಲ ಒಡೆಯಬಹುದು.

ಮೂತ್ರದ ಬಣ್ಣ ದಿನವೂ ನೋಡಬೇಕು. ಬಿಳಿಯ ಹಳೆಯ ಬಟ್ಟೆಯ ಮೇಲೆ ಒತ್ತಿದರೆ ಚೆನ್ನಾಗಿ ಕಾಣುತ್ತದೆ. ಕದಡಿದಂತಿದ್ದರೆ, ಎಂದಿಗಿಂತ ಹೆಚ್ಚು ನಾತ ಬಂದರೆ, ಕೆಂಪು ಕಂಡರೆ ಅಂದೇ ಪಶುವೈದ್ಯರ ಬಳಿ ಹೋಗಬೇಕು. ನಾವು ಯುನಾನಿಯವರು ನಾಡಿ ನೋಡಿದ ಮೇಲೆ ‘ಬೌಲ್’, ಅಂದರೆ ಮೂತ್ರ ನೋಡಲು ಕಲಿತವರು. ರೋಗಿ ಬಾಯಿಬಿಟ್ಟು ಹೇಳಲಾರದಾಗ ಆ ವಿದ್ಯೆಯ ಬೆಲೆ ಗೊತ್ತಾಗುತ್ತದೆ.

ಗಂಡು ಬೆಕ್ಕು ಸಾಕಿದವರಿಗೆ ಒಂದು ಮಾತು. ಕಾಲು ಸರಿಯಿರುವ ಗಂಡು ಬೆಕ್ಕಾದರೂ ಪದೇ ಪದೇ ಮೂತ್ರಕ್ಕೆ ಕೂತು, ಮುಕ್ಕರಿಸಿ, ಕೂಗಿ, ಒಂದು ಹನಿಯೂ ಬಾರದಿದ್ದರೆ ಅದು ಮಲಬದ್ಧತೆಯಲ್ಲ. ಮೂತ್ರನಾಳ ಕಟ್ಟಿದೆ. ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

ನೂರಿಯ ಚರ್ಮದ ಕಥೆ ಬೇರೆ. ಸಿಮೆಂಟು ನೆಲದ ಮೇಲೆ ಎಳೆದುಕೊಂಡು ತೊಡೆಯ ಚರ್ಮ ಸುಲಿದಿತ್ತು. ಮೂತ್ರ ತಾಗಿ ಕೆಂಪಾಗಿತ್ತು. ಈಗ ಹೊಟ್ಟೆಯ ಕೆಳಗಿನ ಕೂದಲನ್ನು ಕತ್ತರಿಸಿಡುತ್ತಾರೆ, ಬೆಚ್ಚಗಿನ ನೀರಿನಲ್ಲಿ ಒರೆಸಿ ಪೂರ್ತಿ ಒಣಗಿಸುತ್ತಾರೆ, ಹಳೆಯ ರಜಾಯಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಾರೆ. ಮಳೆಗಾಲದಲ್ಲಿ ನೊಣ ಕೂತು ಗಾಯದಲ್ಲಿ ಹುಳು ಬೀಳದಂತೆ ಬೆಳಗ್ಗೆ ಸಂಜೆ ಬಾಲ ಎತ್ತಿ ನೋಡುವುದು ಮನೆಯ ಹುಡುಗಿಯ ಕೆಲಸ. ಹುಳು ಬಿದ್ದರೆ ದನಕ್ಕೆ ಹಾಕುವಂತೆ ಟರ್ಪೆಂಟೈನ್ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಹಾಕಬೇಡಿ. ಹಸು ಸೊಂಟ ನೆಕ್ಕಿಕೊಳ್ಳುವುದು ಅಪರೂಪ. ಬೆಕ್ಕಿಗೆ ಅದೇ ಕಸುಬು.

ಹಾಗಾದರೆ ನೆಲ ಯಾವುದರಲ್ಲಿ ಒರೆಸಬೇಕು? ಮೊದಲು ಬರೀ ಸಾಬೂನು ನೀರು. ಮೂತ್ರ ಪೂರ್ತಿ ಹೋದ ಮೇಲೆ ಬೇಕಾದರೆ ಬ್ಲೀಚಿಂಗ್ ಪೌಡರ್, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ. ಆಮೇಲೆ ಮತ್ತೆ ಬರೀ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಬೆಕ್ಕನ್ನು ಬಿಡಿ. ರೇಷ್ಮೆ ಸಾಕುವ ನಮ್ಮ ಜಿಲ್ಲೆಯಲ್ಲಿ ಬ್ಲೀಚಿಂಗ್ ಪೌಡರಿಗೆ ಬರವಿಲ್ಲ. ಹುಳು ಮನೆ ತೊಳೆಯಲು ತಂದದ್ದು ಮೂಲೆಯಲ್ಲಿ ಇದ್ದೇ ಇರುತ್ತದೆ. ಆದರೆ ಮೂತ್ರದ ಮೇಲೆಯೇ ನೇರವಾಗಿ ಸುರಿಯಬೇಡಿ. ಮೂತ್ರದ ಅಮೋನಿಯಾ ಅದರೊಂದಿಗೆ ಸೇರಿದರೆ ಉಸಿರಿಗೆ ಕೆಟ್ಟದ್ದಾದ ಹೊಗೆ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ನಿಮಗೂ ಕಷ್ಟ. ಹುಳು ಮನೆಗೆ ಹೊಡೆಯುವ ಫಾರ್ಮಲಿನ್ ಅಂತೂ ಬೆಕ್ಕಿರುವ ಜಾಗದ ಹತ್ತಿರವೂ ಬರಬಾರದು.

ಔಷಧಿಯ ವಿಷಯಕ್ಕೆ ಬರೋಣ. ‘ಹಕೀಂ ಸಾಬ್, ನಮ್ಮ ಬೆಕ್ಕಿಗೂ ಒಂದು ಮಾಜೂನ್ ಕೊಡಿ’ ಎಂದು ನಗುತ್ತಾ ಕೇಳುವವರಿದ್ದಾರೆ, ನಗದೆ ಕೇಳುವವರೂ ಇದ್ದಾರೆ. ನಾನು ಕೊಡುವುದಿಲ್ಲ. ನನ್ನ ಪದವಿ ಮನುಷ್ಯರ ಚಿಕಿತ್ಸೆಗೆ. ನಮ್ಮ ಪರಂಪರೆಯಲ್ಲಿ ಪಶುವೈದ್ಯಕ್ಕೆ ‘ಬೈತರಾ’ ಎಂಬ ಪ್ರತ್ಯೇಕ ಶಾಖೆಯೇ ಇತ್ತು. ಹದಿಮೂರನೇ ಶತಮಾನದ ದೊಡ್ಡ ಔಷಧಿತಜ್ಞ ಇಬ್ನುಲ್ ಬೈತಾರ್ ಅವರ ಹೆಸರಿಗೆ ‘ಪಶುವೈದ್ಯನ ಮಗ’ ಎಂದೇ ಅರ್ಥ. ಸ್ಪೇನಿನ ಮಾಲಗಾದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಅವರ ಗ್ರಂಥದಲ್ಲಿ ಸುಮಾರು 1,400 ದ್ರವ್ಯಗಳ ವಿವರಣೆಯಿದೆ. ಮನುಷ್ಯನ ಹಕೀಮ ಬೇರೆ, ಪ್ರಾಣಿಯ ಬೈತಾರ ಬೇರೆ ಎಂಬುದನ್ನು ಹಿಂದಿನವರೇ ತಿಳಿದಿದ್ದರು. ಬೆಳ್ಳುಳ್ಳಿ, ಈರುಳ್ಳಿ ನಮಗೆ ಔಷಧಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ನೀಲಗಿರಿ ಎಣ್ಣೆ ನಮ್ಮ ನೆಗಡಿಗೆ ಹಿತ, ಬೆಕ್ಕಿಗೆ ಹಾನಿ.

ಎಲ್ಲಕ್ಕಿಂತ ದೊಡ್ಡ ಅಪಾಯ ನಿಮ್ಮ ಕಪಾಟಿನಲ್ಲಿದೆ. ಪ್ಯಾರಾಸಿಟಮಾಲ್. ಪೆಟ್ಟಾದ ಬೆಕ್ಕು ನರಳುವುದನ್ನು ನೋಡಲಾರದೆ ಅರ್ಧ ಮಾತ್ರೆ ಹಾಲಿನಲ್ಲಿ ಕಲಸಿ ಕುಡಿಸುವವರು ಕರುಣೆಯಿಂದಲೇ ಕುಡಿಸುತ್ತಾರೆ. 500 ಮಿಲಿಗ್ರಾಂನ ಒಂದು ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು, ಅರ್ಧವೂ ಸಾಕಾಗಬಹುದು. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ವಸಡು ನೀಲಿಯಾಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರು ಕಟ್ಟುತ್ತದೆ. ಕೊಟ್ಟಾಗಿದ್ದರೆ ಮುಚ್ಚಿಡದೆ ಪಶುವೈದ್ಯರಿಗೆ ಹೇಳಿ. ಬೇಗ ಹೋದರೆ ಪ್ರತಿವಿಷ ಇದೆ. ನಾಯಿಯ ಉಣ್ಣೆಗೆ ಬಳಸುವ ಪರ್ಮೆತ್ರಿನ್ ಇರುವ ಔಷಧಿಯನ್ನು ಉಳಿದಿದೆಯೆಂದು ಬೆಕ್ಕಿಗೆ ಹಚ್ಚುವುದೂ ಇಂಥದ್ದೇ. ನಡುಕ, ಸೆಳವು, ಆಮೇಲೆ ಸಾವು.

ಊಟದಲ್ಲಿ ನಾವು ಮಾಡುವುದು ಅನ್ನ ಹಾಲು. ಬೆಕ್ಕಿಗೆ ಅದು ಹೊಟ್ಟೆ ತುಂಬಿಸುತ್ತದೆಯೇ ಹೊರತು ಬದುಕಿಸುವುದಿಲ್ಲ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅದು ವರ್ಷಗಟ್ಟಲೆ ಸಿಗದಿದ್ದರೆ ಕಣ್ಣಿನ ಒಳಪರದೆ ಕೆಟ್ಟು ಕುರುಡಾಗುತ್ತದೆ, ಹೃದಯ ಹಿಗ್ಗುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಎದ್ದು ಹೋಗಲಾರದ ಬೆಕ್ಕಿಗೆ ಭೇದಿಯಾದರೆ ಮನೆಯವರ ಗತಿ ಏನೆಂದು ಯೋಚಿಸಿ. ಕೋಳಿಯ ಮಾಂಸ, ಹೃದಯ, ಸ್ವಲ್ಪವೇ ಲಿವರ್, ಇವನ್ನು ಉಪ್ಪು ಮಸಾಲೆ ಈರುಳ್ಳಿ ಇಲ್ಲದೆ ಬೇಯಿಸಿ, ಬೇಯಿಸಿದ ನೀರಿನ ಸಮೇತ ಕೊಡಿ. ಟಾರಿನ್ ನೀರಿಗೆ ಇಳಿದುಹೋಗುತ್ತದೆ, ಆ ನೀರನ್ನು ಚೆಲ್ಲಬಾರದು. ನೀರು ಹೆಚ್ಚು ಹೋದಷ್ಟೂ ಮೂತ್ರ ತೆಳುವಾಗಿ ಚೀಲಕ್ಕೂ ಒಳ್ಳೆಯದು. ಬೇಯಿಸಿದ ಮೂಳೆ ಬೇಡ, ಅದು ಚೂಪಾಗಿ ಸೀಳುತ್ತದೆ. ಬರೀ ಮನೆಯ ಅಡುಗೆಯಿಂದ ಎಲ್ಲ ಪೋಷಣೆ ಸಿಗುವುದು ಕಷ್ಟ, ಆದ್ದರಿಂದ ದಿನಕ್ಕೊಂದು ಹೊತ್ತು ಬೆಕ್ಕಿನ ಸಿದ್ಧ ಆಹಾರ ಕೊಟ್ಟರೆ ನೆಮ್ಮದಿ. ದುಬಾರಿ ಎನ್ನುವುದು ನಿಜ. ನೂರಿಯ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅದು, ಉಳಿದ ದಿನ ಕೋಳಿ ಅಂಗಡಿಯವರು ಎತ್ತಿಟ್ಟ ಚೂರುಗಳು.

ಕಷ್ಟ ಬಂದದ್ದು ಇದಾವುದರಿಂದಲೂ ಅಲ್ಲ. ಆ ಮನೆಯ ಸೊಸೆಗೆ ಮೂರು ತಿಂಗಳಾದಾಗ ನೆಂಟರು ಒಂದೇ ಸಮನೆ ಹೇಳತೊಡಗಿದರು. ಬೆಕ್ಕಿದ್ದರೆ ಗರ್ಭ ನಿಲ್ಲುವುದಿಲ್ಲ, ಮಗು ಕುರುಡಾಗುತ್ತದೆ, ಜೊತೆಗೆ ಮನೆಯೆಲ್ಲ ನಜಿಸ್. ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟುಬನ್ನಿ, ಅಲ್ಲಿ ಹೇಗೋ ಬದುಕುತ್ತದೆ. ಹಿಂಗಾಲಿಲ್ಲದ, ಮೂರು ಹೊತ್ತು ಯಾರಾದರೂ ಒತ್ತದೆ ಮೂತ್ರ ಹೋಗದ ಬೆಕ್ಕು ಮಾರ್ಕೆಟ್ಟಿನಲ್ಲಿ ಹೇಗೂ ಬದುಕುವುದಿಲ್ಲ. ಅತ್ತೆ ನನ್ನನ್ನು ಕೇಳಿದ್ದು ಆಗಲೇ.

ಶುದ್ಧಿಯ ಪ್ರಶ್ನೆಯನ್ನು ಮೊದಲು ಬಗೆಹರಿಸೋಣ. ಅಬೂ ಕತಾದ(ರ) ವುಝೂ ಮಾಡಲು ಇಟ್ಟ ನೀರಿಗೆ ಬೆಕ್ಕು ಬಾಯಿ ಹಾಕಲು ಬಂದಾಗ ಅವರು ಪಾತ್ರೆಯನ್ನು ಅದಕ್ಕೆ ಅನುಕೂಲವಾಗುವಂತೆ ವಾಲಿಸಿದ್ದು, ಅಚ್ಚರಿಯಿಂದ ನೋಡಿದ ಸೊಸೆ ಕಬ್‌ಶಾರಿಗೆ ಬೆಕ್ಕು ನಜಿಸ್ ಅಲ್ಲವೆಂದೂ ಅದು ನಿಮ್ಮ ಸುತ್ತ ಓಡಾಡಿಕೊಂಡಿರುವ ಜೀವಿಯೆಂದೂ ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದ್ದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಆದರೆ ಆ ಮಾತು ಬೆಕ್ಕಿನ ಬಾಯಿ, ಮೈಯ ಕುರಿತು. ಅದರ ಮೂತ್ರ, ಮಲ ಅಶುದ್ಧವೇ. ಬಟ್ಟೆಗೆ ತಾಗಿದರೆ ತೊಳೆಯಬೇಕು. ನೂರಿಯನ್ನು ಸಾಕುವವರು ಒತ್ತುವ ಕೆಲಸಕ್ಕೆಂದೇ ಒಂದು ಹಳೆಯ ಲುಂಗಿ ಬೇರೆ ಇಟ್ಟಿದ್ದಾರೆ, ನಮಾಝ್ ಮಾಡುವ ಕೋಣೆಯ ಹೊಸ್ತಿಲಿಗೆ ಒಂದಡಿ ಎತ್ತರದ ಹಲಗೆ ಹೊಡೆದಿದ್ದಾರೆ. ನಡೆಯುವ ಬೆಕ್ಕಾದರೆ ಹಲಗೆ ಹಾರುತ್ತಿತ್ತು. ಹೆಚ್ಚಿನ ಮಸಲೆ ಬೇಕಾದವರು ತಮ್ಮ ಆಲಿಮರನ್ನು ಕೇಳಲಿ, ಅದು ನನ್ನ ಕ್ಷೇತ್ರವಲ್ಲ.

ಗರ್ಭದ ಪ್ರಶ್ನೆ ನನ್ನ ಕ್ಷೇತ್ರ. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ನಿಜ. ಗರ್ಭಿಣಿಗೆ ಮೊದಲ ಬಾರಿ ಅದರ ಸೋಂಕು ತಗುಲಿದರೆ ಗರ್ಭಪಾತ, ಮಗುವಿನ ಕಣ್ಣು ಮೆದುಳಿಗೆ ಹಾನಿ ಆಗಬಹುದು, ಅದೂ ನಿಜ. ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಆದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕು. 1908ರಲ್ಲಿ ಟ್ಯುನಿಸ್ ನಗರದಲ್ಲಿ ಈ ಜೀವಿಯನ್ನು ಮೊದಲು ಗುರುತಿಸಿದ್ದು ಗುಂಡಿ ಎಂಬ ಒಂದು ಬಗೆಯ ಮೂಷಿಕದಲ್ಲಿ. ಅದು ಬೆಕ್ಕಿನ ಹೊಟ್ಟೆಯಲ್ಲಿ ವಂಶ ಬೆಳೆಸುತ್ತದೆಂದು ತಿಳಿಯಲು ಮತ್ತೆ ಅರುವತ್ತು ವರ್ಷ ಬೇಕಾಯಿತು. ಬೆಕ್ಕು ಇಲಿಯನ್ನೋ ಹಸಿ ಮಾಂಸವನ್ನೋ ತಿಂದು ಮೊದಲ ಬಾರಿ ಸೋಂಕು ತಗುಲಿಸಿಕೊಂಡಾಗ ಒಂದರಿಂದ ಮೂರು ವಾರ ಮಾತ್ರ ಅದರ ಮೊಟ್ಟೆಯಂಥ ಕಣಗಳನ್ನು ಮಲದಲ್ಲಿ ಬಿಡುತ್ತದೆ. ಆಮೇಲೆ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟ ಕಣಗಳೂ ಕೂಡಲೇ ಅಂಟುವುದಿಲ್ಲ, ಹೊರಗೆ ಒಂದರಿಂದ ಐದು ದಿನ ಬಲಿತ ಮೇಲೆಯೇ ಅಂಟುವುದು. ದಿನವೂ ಮಲ ತೆಗೆದು ಹಾಕುವ ಮನೆಯಲ್ಲಿ ಅಪಾಯ ಬಹಳ ತಗ್ಗುವುದು ಇದಕ್ಕೇ. ಬೆಕ್ಕನ್ನು ಮುಟ್ಟಿದರೆ, ಅದರ ಕೂದಲು ಹಾರಿದರೆ ಈ ಸೋಂಕು ಬರುವುದಿಲ್ಲವೆಂದೇ ಹೇಳಬಹುದು.

ಹಾಗಿದ್ದರೆ ಎಲ್ಲಿಂದ ಬರುತ್ತದೆ? ಸರಿಯಾಗಿ ಬೇಯದ ಮಾಂಸದಿಂದ, ಮಣ್ಣು ಮೆತ್ತಿದ ಸೊಪ್ಪು ತರಕಾರಿಯಿಂದ, ತೋಟದ ಕೆಲಸ ಮಾಡಿ ತೊಳೆಯದ ಕೈಯಿಂದ. ಅರ್ಧ ಬೆಂದ ಸೀಖ್ ಕಬಾಬ್ ತಿನ್ನುತ್ತಾ ಬೆಕ್ಕನ್ನು ಬೈಯುವುದರಲ್ಲಿ ಅರ್ಥವಿಲ್ಲ. ಬಸುರಿಯಿರುವ ಮನೆಯಲ್ಲಿ ಮಾಂಸ ಪೂರ್ತಿ ಬೇಯಲಿ, ಹಸಿ ಮಾಂಸ ಕತ್ತರಿಸಿದ ಹಲಗೆ ಮತ್ತು ಕೈ ಸಾಬೂನಿನಲ್ಲಿ ತೊಳೆಯಲಿ.

ಪ್ರಸೂತಿ ತಜ್ಞರ ಸಲಹೆಯಂತೆ ಸೊಸೆಯ ರಕ್ತ ಪರೀಕ್ಷೆಯಾಯಿತು. ಹಿಂದೆ ಯಾವಾಗಲೂ ಸೋಂಕು ತಗುಲಿಲ್ಲ ಎಂದು ಬಂತು. ಇದನ್ನು ಕೇಳಿ ಮನೆಯವರು ಅಪಾಯ ಇಲ್ಲವೆಂದುಕೊಂಡರು. ತಿಳಿಯಬೇಕಾದದ್ದು ತಿರುವುಮುರುವು. ಹಿಂದೆ ಬಂದು ಹೋಗಿದ್ದರೆ ದೇಹದಲ್ಲಿ ರಕ್ಷಣೆ ಇರುತ್ತದೆ, ಬಂದೇ ಇಲ್ಲದವರು ಎಚ್ಚರದಿಂದಿರಬೇಕು. ಆದ್ದರಿಂದ ಮಲ ತೆಗೆಯುವ, ಮೂತ್ರ ಒತ್ತುವ ಕೆಲಸ ಪೂರ್ತಿ ಗಂಡನ ಪಾಲಿಗೆ ಬಂತು. ಲೇತಿನಿಂದ ಮಧ್ಯಾಹ್ನ ಊಟಕ್ಕೆ ಬಂದಾಗ ಒಮ್ಮೆ, ಬೆಳಗ್ಗೆ ರಾತ್ರಿ ಒಮ್ಮೊಮ್ಮೆ. ನೂರಿಗೆ ಹಸಿ ಮಾಂಸ ಪೂರ್ತಿ ಬಂದ್. ಇಲಿ ಹಿಡಿಯಲು ಅವಳಿಗೆ ಕಾಲೇ ಇಲ್ಲ. ಹೆರಿಗೆಯವರೆಗೂ ಹೀಗೆ ನಡೆಯಿತು. ಮಗುವಿಗೆ ಈಗ ಎಂಟು ತಿಂಗಳು, ಕಣ್ಣು ಕಿವಿ ಚುರುಕಾಗಿವೆ. ತೊಟ್ಟಿಲ ಹತ್ತಿರ ಬೆಕ್ಕನ್ನು ಬಿಡಬಾರದು ಎಂಬ ನಿಯಮ ಮಾತ್ರ ಅಜ್ಜಿ ಮಾಡಿದ್ದು, ನಾನೂ ಒಪ್ಪಿದ್ದೇನೆ.

ಮನುಷ್ಯರಿಗೆ ಬೆಕ್ಕಿನಿಂದ ಬರುವ ಉಳಿದ ಕಾಯಿಲೆಗಳಲ್ಲಿ ನನ್ನ ದವಾಖಾನೆಗೆ ಹೆಚ್ಚು ಬರುವುದು ಹುಳುಕಡ್ಡಿ. ಮಗುವಿನ ಮೈಮೇಲೆ ಉಂಗುರದಂಥ ಕೆಂಪು ಗುರುತು, ಬೆಕ್ಕಿನ ಕಿವಿಯ ಹತ್ತಿರ ಕೂದಲು ಉದುರಿದ ಜಾಗ, ಎರಡೂ ಒಟ್ಟಿಗೆ ಕಂಡರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ದಮ್ಮು ಇರುವವರ ಮಲಗುವ ಕೋಣೆಗೆ ಬೆಕ್ಕು ಬೇಡ. ಅಲರ್ಜಿ ತರುವ ಅಂಶ ಅದರ ಎಂಜಲು ಮತ್ತು ಚರ್ಮದಲ್ಲಿದೆ, ಕೂದಲು ಅದನ್ನು ಹೊತ್ತು ತರುತ್ತದೆ ಅಷ್ಟೆ.

ಪೆಟ್ಟಾದ ಬೆಕ್ಕನ್ನು ಎತ್ತುವಾಗ ಅದು ಕಚ್ಚುತ್ತದೆ. ನೋವಿಗೆ ಕಚ್ಚುತ್ತದೆ, ಸ್ವಭಾವಕ್ಕಲ್ಲ. ಆದರೆ ಬೀದಿಯ ಬೆಕ್ಕಿನ ಕಡಿತವನ್ನು ರೇಬೀಸ್ ಎಂದೇ ಎಣಿಸಬೇಕು. ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೆ ಕೊಡುವ ಇಮ್ಯುನೋಗ್ಲೋಬುಲಿನ್ ಕೂಡ ಬೇಕಾಗುತ್ತದೆ. ಲಸಿಕೆಯ ದಿನಗಳನ್ನು ತಪ್ಪಿಸಬಾರದು. ಯುನಾನಿಯಲ್ಲಿ ಇದಕ್ಕೆ ಬದಲಿ ಔಷಧಿ ಇಲ್ಲ, ಇದೆ ಎನ್ನುವವರ ಬಾಗಿಲು ತುಳಿಯಬೇಡಿ. ಎತ್ತುವಾಗ ದಪ್ಪ ಟವೆಲ್ ಹೊದೆಸಿ, ಹಲಗೆಯ ಮೇಲೋ ರಟ್ಟಿನ ಮೇಲೋ ಸರಿಸಿಕೊಂಡು ಒಯ್ದರೆ ಕಡಿತವೂ ತಪ್ಪುತ್ತದೆ, ಮುರಿದ ಬೆನ್ನು ಮತ್ತಷ್ಟು ಬಾಗುವುದೂ ತಪ್ಪುತ್ತದೆ. ಮನೆಗೆ ತಂದ ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸುವುದನ್ನು ಮರೆಯಬೇಡಿ, ಮರಿಯಾದರೆ ಮೂರು ತಿಂಗಳ ವಯಸ್ಸಿಗೆ.

ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. ಬೆಕ್ಕಿನ ಮಲದ ತಟ್ಟೆಗೆ ಪೇಟೆಯ ಪೊಟ್ಟಣ ಕೊಳ್ಳಬೇಕಿಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರದ ಹೊಟ್ಟು ಲೇತಿನ ಕೆಳಗೆ ರಾಶಿ ಬಿದ್ದಿರುತ್ತದೆ. ಅರಗಿನ ಬಣ್ಣ ಹಚ್ಚುವ ಮೊದಲಿನ ಹೊಟ್ಟು ಮಾತ್ರ ತನ್ನಿ, ಜರಡಿ ಹಿಡಿದು ನುಣುಪು ಧೂಳನ್ನು ತೆಗೆಯಿರಿ, ಇಲ್ಲವಾದರೆ ಉಸಿರಿಗೆ ಹೋಗುತ್ತದೆ. ನೂರಿಯಂಥ ಬೆಕ್ಕಿನ ಹಸಿ ಗಾಯಕ್ಕೆ ಹೊಟ್ಟು ಅಂಟುತ್ತದೆ, ಅವಳಿಗೆ ಬಟ್ಟೆಯೇ ಸರಿ.

ಸೊಂಟ ಮುರಿದವು ಮಾತ್ರವಲ್ಲ. ಹುಟ್ಟಿನಿಂದ ತೂರಾಡುತ್ತಾ, ತಲೆ ಅಲುಗಾಡಿಸುತ್ತಾ ನಡೆಯುವ ಮರಿಗಳನ್ನು ನೀವು ನೋಡಿರಬಹುದು. ಗಾಳಿ ಸೋಕಿದ್ದು ಎಂದು ಹೊರಗೆ ಹಾಕುತ್ತಾರೆ. ತಾಯಿಬೆಕ್ಕಿಗೆ ಬಸಿರಿನಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ತಗುಲಿ ಮರಿಯ ಕಿರುಮೆದುಳು ಬೆಳೆಯದೆ ಉಳಿದರೆ ಹೀಗಾಗುತ್ತದೆ. ಅದಕ್ಕೆ ನೋವಿಲ್ಲ, ಹೆಚ್ಚುವುದೂ ಇಲ್ಲ, ಅಂಟುವುದೂ ಇಲ್ಲ. ಅಗಲ ತಟ್ಟೆಯಲ್ಲಿ ಊಟ, ಜಾರದ ನೆಲ, ಎತ್ತರದಿಂದ ಬೀಳದ ಜಾಗ ಇದ್ದರೆ ಉಳಿದ ಬೆಕ್ಕುಗಳಷ್ಟೇ ವರ್ಷ ಬದುಕುತ್ತದೆ. ಕನಕಪುರದ ನುಣುಪು ಗ್ರಾನೈಟ್ ಹಾಸಿದ ಮನೆಯಲ್ಲಿ ಅದಕ್ಕೆ ಸೆಣಬಿನ ಚಾಪೆ ಬೇಕು. ಕುರುಡು ಬೆಕ್ಕಿಗೆ ಪೀಠೋಪಕರಣ ಸರಿಸದಿದ್ದರೆ ಸಾಕು. ಮೂರು ಕಾಲಿನದ್ದಕ್ಕೆ ಮೈ ಬೊಜ್ಜು ಬರದಂತೆ ನೋಡಿಕೊಳ್ಳಬೇಕು.

ತಾಲೂಕು ಪಶು ಆಸ್ಪತ್ರೆಗಳು ನಾಲ್ಕೂ ಕಡೆ ಇವೆ. ಅಲ್ಲಿನ ಹೆಚ್ಚಿನ ಕೆಲಸ ಹಸು, ಕುರಿ, ಕೋಳಿಯದ್ದು. ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಸಾಕಲು ಆಗದಿದ್ದರೆ ಸಾಕುವವರನ್ನು ಹುಡುಕಿ ಕೈಗೆ ಒಪ್ಪಿಸಿ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಊರಿಗೆ ಹೋಗುವಾಗ, ಮದುವೆ ಮನೆಗೆ ಹೋಗುವಾಗ ಒತ್ತುವುದಕ್ಕೆ ಗೊತ್ತಿರುವ ಎರಡನೆಯವರು ಒಬ್ಬರು ಇರಲೇಬೇಕು. ನೂರಿಯ ಮನೆಯಲ್ಲಿ ಪಕ್ಕದ ಮನೆಯ ಹುಡುಗನಿಗೆ ಕಲಿಸಿದ್ದಾರೆ. ರಮಝಾನಿನಲ್ಲಿ ಹೊತ್ತು ಬದಲಾಗುತ್ತದೆ. ಸಹರಿಗೆ ಎದ್ದಾಗ ಒಮ್ಮೆ, ಝುಹರ್ ಮುಗಿಸಿ ಒಮ್ಮೆ, ತರಾವೀಹ್‌ನಿಂದ ಬಂದ ಮೇಲೆ ಒಮ್ಮೆ. ಎಂಟೆಂಟು ಗಂಟೆಯ ಅಂತರ ಸರಿಹೋಗುತ್ತದೆ.